ಎರಡು ಸೆಕೆಂಡಿನ ಗೆರೆ

ಚಿ. ಮೇಘಾಳಿಗೆ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನಮ್ಮ ಹೇಳಿಯೇ ಇರುತ್ತಾಳೆ. ನಿನ್ನ ಪತ್ರದ ಒಂದು ಸಾಲು ನನ್ನನ್ನು ಕೊರೆಯುತ್ತಿದೆ: "ನನ್ನ ಗಾಮಾ ಸ್ಫೋಟ 50 ಸೆಕೆಂಡ್ ಉರಿದಿದೆ ದೊಡ್ಡಪ್ಪ, ಅಂದಮೇಲೆ ಅದು ನ್ಯೂಟ್ರಾನ್ ನಕ್ಷತ್ರಗಳ ಜೋಡಿಯದ್ದಲ್ಲ, ನನ್ನ ಕೆಲಸವೆಲ್ಲ ನೀರುಪಾಲು."

ದೂರದ ಗೆಲಾಕ್ಸಿಗಳಿಂದ ಬರುವ ಈ ಗಾಮಾ ಕಿರಣಗಳ ಮಿಂಚು 2 ಸೆಕೆಂಡಿಗಿಂತ ಕಡಿಮೆ ಉರಿದರೆ ಗಿಡ್ಡ, ಹೆಚ್ಚು ಉರಿದರೆ ಉದ್ದ ಎಂಬ ಗೆರೆಯನ್ನೇ ನೀನು ನಂಬಿದ್ದೀಯ. ಆ ಗೆರೆ ಬಂದಿದ್ದು 1993ರಲ್ಲಿ, ಉಪಗ್ರಹದಲ್ಲಿದ್ದ ಬ್ಯಾಟ್ಸಿ ಎಂಬ ಗಾಮಾ ಕಿರಣ ಉಪಕರಣದ ದತ್ತಾಂಶದಿಂದ. ಸ್ಫೋಟಗಳ ಅವಧಿಯ ನಕ್ಷೆಯಲ್ಲಿ ಕಾಣುವ ಎರಡು ಗುಡ್ಡಗಳ ನಡುವಿನ ತಗ್ಗು ಅದು, ಗೋಡೆಯಲ್ಲ. ಅವಧಿಯ ಅಳತೆಯಾದ ಟಿ90 ಎಂದರೆ ಬಂದ ಗಾಮಾ ಕಿರಣಗಳ ಒಟ್ಟು ಎಣಿಕೆ ಶೇ. 5ರಿಂದ 95ಕ್ಕೆ ಏರಲು ಹಿಡಿದ ಕಾಲ, ಅಷ್ಟೇ. ಕಡಿಮೆ ಶಕ್ತಿಯ ಪಟ್ಟಿಯಲ್ಲಿ ಅಳೆದರೆ ಅದೇ ಸ್ಫೋಟ ಉದ್ದವಾಗುತ್ತದೆ. ದೂರದ್ದಾದರೆ ಬಾಲ ಗದ್ದಲದಲ್ಲಿ ಮುಳುಗಿ ಗಿಡ್ಡವಾಗುತ್ತದೆ. ಗಿಡ್ಡದ್ದು ನ್ಯೂಟ್ರಾನ್ ನಕ್ಷತ್ರಗಳ ಜೋಡಿಯ ವಿಲೀನ, ಉದ್ದದ್ದು ಭಾರಿ ನಕ್ಷತ್ರದ ಕುಸಿತ ಎಂದು ನಮ್ಮ ತಲೆಮಾರು ಮಗ್ಗಿಯಂತೆ ಬಾಯಿಪಾಠ ಮಾಡಿಸಿತು. ನಿನ್ನ ಹೆದರಿಕೆಯಲ್ಲಿ ನನ್ನ ಪಾಲೂ ಇದೆ.

ಜೋಡಿಯ ವಿಲೀನದಿಂದ ಗಾಮಾ ಸ್ಫೋಟ ಆಗುತ್ತದೆ ಎಂಬ ಕಥೆ ಮಾತ್ರ ಅಲುಗಾಡಿಲ್ಲ. 2017ರ ಆಗಸ್ಟ್ 17ರಂದು ಗುರುತ್ವ ತರಂಗ ಬಂದ 1.7 ಸೆಕೆಂಡಿಗೆ ಫರ್ಮಿ ಉಪಗ್ರಹ ಗಾಮಾ ಕಿರಣ ಕಂಡಿತು. ಮೂಲ ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗೆಲಾಕ್ಸಿ.

ಮತ್ತೆ ಆ 50 ಸೆಕೆಂಡಿಗೇ ಬರುತ್ತೇನೆ. ಜಿಆರ್‌ಬಿ 211211ಎ ಎಂಬ ಗಾಮಾ ಸ್ಫೋಟ ಕೂಡ ಹೆಚ್ಚುಕಡಿಮೆ ಅಷ್ಟೇ ಉರಿಯಿತು. ಆಮೇಲೆ ಕಂಡಿದ್ದು ವಿಲೀನದ ಗುರುತಾದ ಕಿಲೊನೋವಾದ ಅವಕೆಂಪು ಹೊಳಪು. ಎಷ್ಟು ಹುಡುಕಿದರೂ ನಕ್ಷತ್ರ ಕುಸಿತದ ಗುರುತಾದ ಸೂಪರ್‌ನೋವಾ ಸಿಗಲಿಲ್ಲ. ಉಲ್ಟಾ ಉದಾಹರಣೆಯೂ ಇದೆ: ಜಿಆರ್‌ಬಿ 200826ಎ ಸುಮಾರು 1 ಸೆಕೆಂಡಿನದು, ಅದರ ಹಿಂದೆ ಸೂಪರ್‌ನೋವಾ. ವಿಲೀನದ ನಂತರ ಸುತ್ತುತ್ತ ಉಳಿಯುವ ದ್ರವ್ಯದ ಪುಟ್ಟ ತಟ್ಟೆ ಇಷ್ಟು ಹೊತ್ತು ಉರಿಯುವುದು ಹೇಗೆ? ಮರಳಿ ಬೀಳುವ ದ್ರವ್ಯವೋ, ಬಲವಾದ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರವಾದ ಮ್ಯಾಗ್ನೆಟಾರೋ, ಜೋಡಿಯಲ್ಲಿ ಜೊತೆಗಿದ್ದದ್ದು ಶ್ವೇತ ಕುಬ್ಜ ನಕ್ಷತ್ರವೋ, ಜಗಳ ಮುಗಿದಿಲ್ಲ.

ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಕ್ಷಮಿಸು. ಹೆಚ್ಚು ಮತ್ತು ಕಡಿಮೆ ಶಕ್ತಿಯ ಮಿಡಿತಗಳ ನಡುವಿನ ವಿಳಂಬ ಅಳೆ. ವಿಲೀನದ್ದಾದರೆ ಅದು ಸೊನ್ನೆಯ ಹತ್ತಿರ ಇರುತ್ತದೆ. 1, 3, 5, 7ನೇ ದಿನಗಳ ಅವಕೆಂಪು ಚಿತ್ರಗಳು ಸಿಗುತ್ತವೆಯೇ ನೋಡು. ಮೊದಲು ಉತ್ತರಪ್ರಭೆಯನ್ನು, ಅಂದರೆ ಸ್ಫೋಟದ ನಂತರ ಉಳಿಯುವ ಮಂಕು ಬೆಳಕನ್ನು, ಲೆಕ್ಕದಿಂದ ಕಳೆಯಬೇಕು. ಎಡವುವುದು ಇಲ್ಲಿಯೇ: ಧೂಳೂ ಬೆಳಕನ್ನು ಕೆಂಪಾಗಿಸುತ್ತದೆ. ಆದರೆ ಧೂಳಿನ ಕೆಂಪು ದಿನದಿಂದ ದಿನಕ್ಕೆ ಬದಲಾಗದು, ಕಿಲೊನೋವಾ ದಿನೇದಿನೇ ಕೆಂಪೇರುತ್ತದೆ. ಸೂಪರ್‌ನೋವಾ ಇಲ್ಲ ಎನ್ನಲು ಎರಡು ಮೂರು ವಾರ ಕಾದು ನೋಡಬೇಕು. ಆತಿಥೇಯ ಗೆಲಾಕ್ಸಿಯನ್ನೇ ತಪ್ಪಾಗಿ ಹಿಡಿದರೆ ದೂರ ತಪ್ಪಿ, ಆ ಮಾತಿಗೆ ಬೆಲೆಯಿರದು. ನ್ಯೂಟ್ರಾನ್ ನಕ್ಷತ್ರ ಹುಟ್ಟುವಾಗಿನ ಸ್ಫೋಟದ ಒದೆತ ತಿಂದು ಜೋಡಿ ವಿಲೀನಕ್ಕೆ ಮುಂಚೆಯೇ ಗೆಲಾಕ್ಸಿಯಿಂದ ಬಹುದೂರ ಸರಿದಿರಬಹುದು, ಹಾಗಾಗಿ ಹತ್ತಿರ ಕಂಡದ್ದೇ ಮನೆ ಎನ್ನಬೇಡ.

ಕೋಷ್ಟಕದಲ್ಲಿ 'ಗಿಡ್ಡ', 'ಉದ್ದ' ಎಂಬ ಅಂಕಣ ಅಳಿಸಿ, ಟಿ90ರ ಪಕ್ಕ ಶಕ್ತಿಪಟ್ಟಿ ಬರೆ. ಆ 50 ಸೆಕೆಂಡಿನಲ್ಲಿ ಹೆಚ್ಚು ಶಕ್ತಿಯ ಮೊದಲ ಗಡಸು ಭಾಗವೆಷ್ಟು, ಕಡಿಮೆ ಶಕ್ತಿಯ ಮೆದು ಬಾಲವೆಷ್ಟು? ಅದನ್ನು ನೀನು ಬರೆದೇ ಇಲ್ಲವಲ್ಲ.

ಇಂತಿ,
ನಿನ್ನ ದೊಡ್ಡಪ್ಪ