ಮಗು ಆಗಲೇ ಯಾಕೆ ಹೇಳಲಿಲ್ಲ?

ಸಂಪಾದಕರೇ,

ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಡವಾಗಿ ಹೊರಬಿದ್ದಾಗಲೆಲ್ಲ ‘ಆಗಲೇ ಯಾಕೆ ಹೇಳಲಿಲ್ಲ?’ ಎಂದು ಕೇಳುತ್ತೇವೆ. ಹಾಗೆ ಕೇಳಿದರೆ ತಪ್ಪು ಮಗುವಿನದೇ ಎಂದಂತಾಗುತ್ತದೆ, ಅಲ್ವಾ? ಇಂಥ ಕೆಲಸ ಮಾಡುವವರು ಹೆಚ್ಚಿನ ಸಲ ಅಪರಿಚಿತರಲ್ಲ. ಮಗು ನಂಬಿದವರು, ಮನೆಯವರೂ ನಂಬಿದವರು. ಮೊದಲು ಸಲಿಗೆ, ಉಡುಗೊರೆ. ಆಮೇಲೆ ‘ಇದು ನಮ್ಮಿಬ್ಬರ ಗುಟ್ಟು, ಹೇಳಿದರೆ ಅಮ್ಮ ಅಳುತ್ತಾಳೆ’ ಎಂಬ ಮಾತು. ಇಡೀ ಮನೆಯ ನೆಮ್ಮದಿಯ ಭಾರ ಪುಟ್ಟ ಹೆಗಲ ಮೇಲೆ! ಎಷ್ಟೋ ಮಕ್ಕಳಿಗೆ ನಡೆದದ್ದನ್ನು ಹೇಳಲು ಮಾತೇ ಗೊತ್ತಿರುವುದಿಲ್ಲ.

ಮಗು ಒಂದೇ ಸಲಕ್ಕೆ ಎಲ್ಲ ಹೇಳುವುದೂ ಇಲ್ಲ. ‘ಆ ಮಾಮನ ಜೊತೆ ಹೋಗಲ್ಲ’ ಎಂದು ನಮ್ಮ ಮುಖ ನೋಡುತ್ತದೆ. ಗದರಿದರೆ ಅಲ್ಲಿಗೆ ಮುಗಿಯಿತು. ಹೇಳಿದ ಮೇಲೆ ಮನೆಯಲ್ಲಿ ರಂಪವಾದರೆ ‘ಸುಮ್ನೆ ಹೇಳಿದೆ’ ಎಂದು ಹಿಂದೆ ಸರಿಯುವುದೂ ಉಂಟು. ಮನೋವೈದ್ಯ ರೋಲೆಂಡ್ ಸಮ್ಮಿಟ್ 1983ರಲ್ಲೇ ಇದನ್ನು ಬರೆದಿದ್ದರು. ಮಾತು ಬದಲಿಸಿತು ಎಂದ ಮಾತ್ರಕ್ಕೆ ಏನೂ ನಡೆದಿಲ್ಲ ಎಂದುಕೊಳ್ಳಬಾರದು.

ಹೇಳಲು ಬಂದಾಗ ‘ನಿನ್ನ ತಪ್ಪಲ್ಲ, ನಿನ್ನನ್ನು ನಂಬುತ್ತೇನೆ’ ಎಂದುಬಿಡಿ. ಕೆದಕಿ ಕೆದಕಿ ಕೇಳಬೇಡಿ. ಯಾರಿಗೂ ಹೇಳಲ್ಲ ಎಂದು ಮಾತು ಕೊಡಲೂಬೇಡಿ. ಮಗುವನ್ನು ಕಾಪಾಡಲು ಹೇಳಲೇಬೇಕಾಗುತ್ತದೆ.

– ಓದುಗರೊಬ್ಬರು