ಅಟ್ಟದ ಮೇಲಿನ ಕ್ಯಾಮೆರಾ

ಸಾಗರ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ಹೊರಟ ದಿನದ ಮಾತುಗಳನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಬ್ಯಾಂಕಿನಿಂದ ಬಂದ ಕಾಗದವನ್ನು ನಿನ್ನ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ, ಒಡೆದಿಲ್ಲ.

ನಿನ್ನ ಕೋಣೆ ಗುಡಿಸಲು ಹೋದವಳು ಗೋಡೆಯ ಮೇಲಿನ ಆ ಕಪ್ಪು-ಬಿಳುಪು ಚಿತ್ರದ ಮುಂದೆ ಪೊರಕೆ ಹಿಡಿದೇ ನಿಂತುಬಿಟ್ಟೆ. ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ತೆಗೆದ ಹಾಫ್ ಡೋಮ್ ಬೆಟ್ಟ. ಇಷ್ಟು ವರ್ಷ ನನಗೆ ಅದು ಬರೀ ಬಂಡೆಯಾಗಿತ್ತು. ನೀನು ಬಿಟ್ಟುಹೋದ ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ನಾಲ್ಕು ದಿನ ಓದಿದೆ. 1927ರ ಏಪ್ರಿಲ್ 10. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಇಪ್ಪತ್ತೈದು ವರ್ಷದ ಹುಡುಗ ಭಾರದ ಕ್ಯಾಮೆರಾವನ್ನೂ 12 ಗಾಜಿನ ಪ್ಲೇಟುಗಳನ್ನೂ ಹೊತ್ತು ಹಿಮದಲ್ಲಿ ಹತ್ತುತ್ತಾನೆ. ಬಂಡೆಯ ಎದುರು ನಿಲ್ಲುವ ಹೊತ್ತಿಗೆ ಉಳಿದದ್ದು ಎರಡೇ ಪ್ಲೇಟು. ಹಳದಿ ಫಿಲ್ಟರ್ ಹಾಕಿ ಒಂದನ್ನು ತೆಗೆದ ಮೇಲೆ, ತನ್ನ ಮನಸ್ಸಿಗೆ ತಟ್ಟಿದ ಬೆಟ್ಟ ಇದರಲ್ಲಿ ಬರುವುದಿಲ್ಲ ಅನ್ನಿಸುತ್ತದೆ. ಕೊನೆಯ ಪ್ಲೇಟಿಗೆ ಕಡುಕೆಂಪು ಫಿಲ್ಟರ್ ಹಾಕುತ್ತಾನೆ. ಕೆಂಪು ಗಾಜು ಆಕಾಶದ ನೀಲಿಯನ್ನು ತಡೆಯುತ್ತದೆ, ಅದಕ್ಕೇ ಆ ಆಕಾಶ ಅಷ್ಟು ಕಪ್ಪು, ಅದರ ಮುಂದೆ ಹಿಮ ಅಷ್ಟು ಬೆಳ್ಳಗೆ. ಸಂಜೆ ದೀಪ ಹಾಕಿ ಮತ್ತೆ ನೋಡಿದೆ. ಎಂಥ ಚಿತ್ರ ಪುಟ್ಟಿ! ಬೆಟ್ಟ ಎಲ್ಲಿಗೂ ಹೋಗುವುದಿಲ್ಲ ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೆ. ಬೆಳಕು ಹೋಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ.

ಆದರೆ ಆತ ನಿಂತ ಜಾಗ! ಡೈವಿಂಗ್ ಬೋರ್ಡ್ ಎನ್ನುವ ಚಾಚುಬಂಡೆಯಂತೆ, ಸಾವಿರಾರು ಅಡಿ ಕೆಳಗೆ ಕಣಿವೆ. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಕೊಡಚಾದ್ರಿ. ನಿನಗೆ ಆಗ ಹನ್ನೊಂದು. ಸರ್ವಜ್ಞ ಪೀಠ ಪೂರ್ತಿ ಬರಲಿ ಎಂದು ಮಾವನ ರೀಲ್ ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡು ಒಂದೊಂದೇ ಹೆಜ್ಜೆ ಹಿಂದಿಡುತ್ತಿದ್ದೆ. ನಿನ್ನ ಹಿಂದೆ ಮಂಜು. ಮಂಜಿನ ಕೆಳಗೆ ನೆಲವಿರಲಿಲ್ಲ. ನಾನು ಓಡಿದೆ, ಎಳೆದೆ, ಎಲ್ಲರೆದುರು ಹೊಡೆದೆ. ನಿನ್ನ ಹಿಮ್ಮಡಿಗೂ ಅಂಚಿಗೂ ನಡುವೆ ನನ್ನ ಒಂದು ಗೇಣು ಜಾಗವಿತ್ತು. ಅದನ್ನು ಈಗಲೂ ಕನಸಿನಲ್ಲಿ ಅಳೆಯುತ್ತೇನೆ. ಕೆಲವು ರಾತ್ರಿ ಗೇಣು, ಕೆಲವು ರಾತ್ರಿ ಬೆರಳಗಲ. ನನ್ನ ಕಾಲಿನ ಚಪ್ಪಲಿ ಜಾರಿದ್ದರೆ?

ಕ್ಯಾಮೆರಾ ಅಟ್ಟ ಸೇರಿದ್ದು ನಿನಗೆ ಗೊತ್ತು. ಆ ರೀಲನ್ನು ನಾನು ತೊಳೆಸಿದ್ದು ಗೊತ್ತಿಲ್ಲ. ಕೊನೆಯ ಫೋಟೊದಲ್ಲಿ ಪೀಠದ ಕಲ್ಲು ಓರೆಯಾಗಿದೆ, ಮುಂದುಗಡೆ ಮಸುಕಾಗಿ ನನ್ನ ಕೈ, ಎರಡು ಹಸಿರು ಬಳೆ, ಹಾರಿದ ಸೆರಗು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಆಗಲೇ ಗೊತ್ತಿತ್ತು. ತೋರಿಸಿದರೆ ಮತ್ತೆ ಬೆಟ್ಟ ಹತ್ತುತ್ತೀಯ ಎಂದು ಸೀರೆಯ ಪೆಟ್ಟಿಗೆಯ ತಳದಲ್ಲಿ ಇಟ್ಟುಬಿಟ್ಟೆ. ಆಡಮ್ಸ್‌ನ ಅಪ್ಪ, ಶಾಲೆಗೆ ಒಗ್ಗದ ಮಗನನ್ನು ಬಿಡಿಸಿ ಮನೆಯಲ್ಲೇ ಕಲಿಸಿದರಂತೆ. 1916ರಲ್ಲಿ, ಹದಿನಾಲ್ಕರ ಹುಡುಗನನ್ನು ಯೊಸೆಮಿಟಿಗೆ ಕರೆದೊಯ್ದು ಕೈಗೆ ಬ್ರೌನಿ ಕ್ಯಾಮೆರಾ ಕೊಟ್ಟವರು ಹೆತ್ತವರೇ. ನಾನು ನಿನ್ನ ಕೈಯಿಂದ ಕಿತ್ತುಕೊಂಡೆ. ನಿನ್ನೆ ಇಳಿಸಿ ನೋಡಿದರೆ ಲೆನ್ಸಿನೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿದೆ. ಒರೆಸಿದರೆ ಹೋಗುವಂಥದ್ದಲ್ಲ. ತಪ್ಪಾಯಿತು ಪುಟ್ಟಿ.

ಹಿಮಾಲಯದ ಆ ಮುನ್ಸಿಯಾರಿಯಲ್ಲಿ ಒಬ್ಬಳೇ ಕತ್ತಲಲ್ಲಿ ಹೊರಡಬೇಡ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಎಂದು ನೀನು ಉಳಿದುಕೊಂಡ ಮನೆಯವರಿಗೆ ಹೇಳಿ ಹೋಗು. ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಟ್ಟುಕೋ. ಮೊದಲು ಕಾಲೂರಿ ನಿಲ್ಲು, ಆಮೇಲೆ ಕ್ಯಾಮೆರಾ ಎತ್ತು. ಎತ್ತಿದ ಮೇಲೆ ಒಂದು ಹೆಜ್ಜೆಯೂ ಹಿಂದಿಡಬೇಡ. ಚೌಕಟ್ಟಿನಲ್ಲಿ ಬೆಟ್ಟ ಹಿಡಿಸದಿದ್ದರೆ ಹಿಡಿಸದೇ ಇರಲಿ. ಉಪದೇಶ ಮಾಡುವುದಿಲ್ಲ ಎಂದೇ ಬರೆಯಲು ಕೂತಿದ್ದೆ, ಆದರೂ ಇದೊಂದನ್ನು ಕೇಳು. ಕಾಲುಚೀಲ ಒದ್ದೆಯಾದರೆ ತಕ್ಷಣ ಬದಲಿಸು.

ಅಪ್ಪ ಇನ್ನೂ ಬಿಗಿಯಾಗಿದ್ದಾರೆ. ಆದರೆ ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಮುನ್ಸಿಯಾರಿಯ ಹವೆ ನೋಡುತ್ತಾರೆ.

ಕೊಡಚಾದ್ರಿಯ ಫೋಟೊ ಈ ಲಕೋಟೆಯಲ್ಲಿದೆ, ಮಡಚದೆ ಇಟ್ಟುಕೋ. ಅಲ್ಲಿಯ ಪಂಚಚೂಲಿ ಶಿಖರಗಳು ಬೆಳಗುವುದನ್ನು ತೆಗೆದರೆ ಮೊಬೈಲಿಗೆ ಕಳಿಸಬೇಡ, ದೊಡ್ಡ ಕಾಗದದಲ್ಲಿ ಹಾಕಿಸು. ಪಡಸಾಲೆಯ ಗೋಡೆಯಿಂದ ಕ್ಯಾಲೆಂಡರ್ ತೆಗೆದಿದ್ದೇನೆ, ಮೊಳೆ ಹಾಗೆಯೇ ಇದೆ.

ನಿನ್ನ
ಅಮ್ಮ