ಲಯನ್ಸ್ ತಂಡದಲ್ಲಿ 'ನಮ್ಮವರು' ಎಷ್ಟು ಜನ?

ಮಾನ್ಯ ಸಂಪಾದಕರೇ,

2025ರ ಇಂಗ್ಲೆಂಡ್ ಪ್ರವಾಸದಲ್ಲಿ ಮ್ಯಾಂಚೆಸ್ಟರ್ ಟೆಸ್ಟಿಗೆ ನಮ್ಮ ಬ್ಯಾಟರ್ ಕರುಣ್ ನಾಯರ್ ಅವರನ್ನು ಭಾರತ ತಂಡದಿಂದ ಕೈಬಿಟ್ಟ ಮೇಲೆ ನಿಮ್ಮ ಪತ್ರಿಕೆಯಲ್ಲಿ ಬಂದ ಓದುಗರ ಪತ್ರಗಳನ್ನು ಇಲ್ಲಿಂದಲೇ ಓದಿದೆ. ಕನ್ನಡಿಗರಿಗೆ ಯಾವಾಗಲೂ ಹೀಗೇ ಆಗುತ್ತೆ ಅನ್ನೋ ಸಿಟ್ಟು ಎಲ್ಲದರಲ್ಲೂ ಇತ್ತು. ನನಗೆ ಸಿಟ್ಟಿನ ಜೊತೆ ಸ್ವಲ್ಪ ನಗುವೂ ಬಂತು. ಯಾಕೆ ಅಂತ ಹೇಳೋಕೆ ಈ ಪತ್ರ.

ನಾನು ಹಾಸನದವಳು. 18 ವರ್ಷದಿಂದ ವೇಲ್ಸ್ ದೇಶದ ಕಾರ್ಡಿಫ್‌ನಲ್ಲಿ ನರ್ಸ್ ಕೆಲಸ ಮಾಡುತ್ತಿದ್ದೇನೆ. ಅದೇ ಜುಲೈನಲ್ಲಿ ನಮ್ಮ ಬೀದಿಯಲ್ಲೂ ಇದೇ ಜಗಳ ನಡೆಯುತ್ತಿತ್ತು. ಆಟ ಮಾತ್ರ ರಗ್ಬಿ.

ಗೊತ್ತಿಲ್ಲದವರಿಗೆ ಒಂದು ಮಾತು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಸುಮ್ನೆ ಎದುರುಬದುರಾದರೂ ಸಾಕು, ಮೈದಾನದಲ್ಲಿ ಕಿತ್ತಾಡ್ತಾರೆ. ಆದರೆ ನಾಲ್ಕು ವರ್ಷಕ್ಕೊಮ್ಮೆ ಈ ನಾಲ್ಕೂ ಸೇರಿ 'ಲಯನ್ಸ್' ಅಂತ ಒಂದೇ ತಂಡ ಕಟ್ಟಿಕೊಂಡು ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾಕ್ಕೆ ಸರದಿ ಪ್ರಕಾರ ಪ್ರವಾಸ ಹೋಗ್ತಾರೆ. ನಮ್ಮ ದುಲೀಪ್ ಟ್ರೋಫಿಯ ದಕ್ಷಿಣ ವಲಯ ಇದ್ದ ಹಾಗೆ ಅಂದುಕೊಳ್ಳಿ. ಕರ್ನಾಟಕದವರು ಎಷ್ಟು, ತಮಿಳುನಾಡಿನವರು ಎಷ್ಟು ಅನ್ನೋ ಲೆಕ್ಕ ಇಲ್ಲದೆ ಅಂಥ ತಂಡ ಯಾವತ್ತಾದರೂ ಹೊರಟಿದೆಯಾ?

ಈ ಸಲ ಆಸ್ಟ್ರೇಲಿಯಾ. ಮೇ 8ರಂದು ಲಂಡನ್‌ನಲ್ಲಿ ಕೋಚ್ ಆಂಡಿ ಫ್ಯಾರೆಲ್ ಅವರ 38 ಜನರ ತಂಡ ಪ್ರಕಟವಾಯಿತು. ನಾವು ವಾರ್ಡಿನ ಟೀ ರೂಮಿನಲ್ಲಿ ಫೋನ್ ಇಟ್ಟುಕೊಂಡು ನೋಡ್ತಾ ಕೂತಿದ್ದೆವು. ಐರ್ಲೆಂಡ್ 15, ಇಂಗ್ಲೆಂಡ್ 13, ಸ್ಕಾಟ್ಲೆಂಡ್ 8. ವೇಲ್ಸ್ ಎರಡೇ ಎರಡು: ಜಾಕ್ ಮಾರ್ಗನ್, ಟೋಮೊಸ್ ವಿಲಿಯಮ್ಸ್. ಫ್ಯಾರೆಲ್ ಐರ್ಲೆಂಡಿನ ಕೋಚ್ ಕೂಡ ಹೌದು ಅನ್ನೋದನ್ನು ಆಮೇಲೆ ಯಾರೂ ಯಾರಿಗೂ ನೆನಪಿಸಬೇಕಾಗಿರಲಿಲ್ಲ. ಟ್ರಾಲಿ ತಳ್ಳುವ ನಮ್ಮ ಪೋರ್ಟರ್ ಎರಡು ಬೆರಳು ಎತ್ತಿ ತೋರಿಸಿ, ಬಿಸ್ಕತ್ತಿನ ಡಬ್ಬಿ ಮುಚ್ಚಿ ಹೊರಟುಹೋದ. ಪ್ರವಾಸದ ಆಸ್ಟ್ರೇಲಿಯಾದ ಮೊದಲ ಪಂದ್ಯದಲ್ಲೇ, ಪರ್ತ್‌ನಲ್ಲಿ, ಟೋಮೊಸ್ ವಿಲಿಯಮ್ಸ್ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸೋದು) ಹೊಡೆಯುವ ಹೊತ್ತಿಗೇ ತೊಡೆಯ ಸ್ನಾಯು ಎಳೆದುಕೊಂಡರು. ಅವರು ವಾಪಸ್. ಉಳಿದದ್ದು ಒಬ್ಬರು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ವಯಸ್ಸು 78, ಲಾನೆತ್ಲಿ ಊರಿನವರು. ನನ್ನನ್ನು 'ಕರಿಯಾದ್' ಅಂತ ಕರೀತಾರೆ. ಬಂದ ಹೊಸದರಲ್ಲಿ ನನ್ನ ಬಣ್ಣ ನೋಡಿ ಹಾಗಂತಿದ್ದಾರೇನೋ ಅಂತ ಮುಖ ಊದಿಸಿಕೊಂಡಿದ್ದೆ. ವೇಲ್ಸ್ ಭಾಷೆಯಲ್ಲಿ ಅದು ನಮ್ಮ 'ಬಂಗಾರ', 'ಪುಟ್ಟಿ' ಇದ್ದ ಹಾಗಂತೆ. 1972ರಲ್ಲಿ ಲಾನೆತ್ಲಿ ಕ್ಲಬ್ಬು ನ್ಯೂಜಿಲೆಂಡ್ ತಂಡವನ್ನು 9-3ರಲ್ಲಿ ಸೋಲಿಸಿದಾಗ ಇವರು ಮೈದಾನದಲ್ಲಿದ್ದರು. ಅವತ್ತು ಊರಿನ ಪಬ್ಬುಗಳಲ್ಲಿ ಬಿಯರ್ ಖಾಲಿಯಾಯಿತು ಅನ್ನೋ ಕಥೆಯನ್ನು ನಾನು ಕಡಿಮೆ ಅಂದ್ರೂ ಮೂವತ್ತು ಸಲ ಕೇಳಿದ್ದೇನೆ. ಅದಕ್ಕೂ ಒಂದು ವರ್ಷ ಮುಂಚೆ, 1971ರಲ್ಲಿ, ಲಯನ್ಸ್ ನ್ಯೂಜಿಲೆಂಡಿನಲ್ಲೇ ಸರಣಿ ಗೆದ್ದಿತ್ತು. ಕೋಚ್ ಕಾರ್ವಿನ್ ಜೇಮ್ಸ್, ನಾಯಕ ಜಾನ್ ಡಾಸ್, ಜೊತೆಗೆ ಬ್ಯಾರಿ ಜಾನ್, ಗ್ಯಾರೆತ್ ಎಡ್ವರ್ಡ್ಸ್, ಜೆಪಿಆರ್ ವಿಲಿಯಮ್ಸ್. ಎಲ್ಲಾ ವೇಲ್ಸಿನವರೇ. ಅಂಥದ್ದನ್ನು ಕಂಡ ಮನುಷ್ಯನಿಗೆ 'ಒಬ್ಬರು' ಅಂದರೆ ಹೇಗಾಗಿರಬೇಡ!

ಜುಲೈ 19, ಮೊದಲ ಟೆಸ್ಟ್ (ರಗ್ಬಿಯಲ್ಲೂ ದೇಶದ ತಂಡದ ಎದುರಿನ ಪಂದ್ಯಕ್ಕೆ ಹೀಗೇ ಅಂತಾರೆ), ಬ್ರಿಸ್ಬೇನ್. ಇಲ್ಲಿ ಬೆಳಿಗ್ಗೆ 11 ಗಂಟೆ. ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆಗಣ್ಣಲ್ಲೇ ಅಜ್ಜನ ಮನೆಗೆ ಹೋದೆ. ಬದಲಿಯವರೂ ಸೇರಿ 23 ಜನರಲ್ಲಿ ಮಾರ್ಗನ್ ಕೂಡ ಇಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ವೇಲ್ಸಿನ ಒಬ್ಬರೂ ಇಲ್ಲದ ಲಯನ್ಸ್ ಟೆಸ್ಟ್ ಅದು. ಈ ಪಂದ್ಯ ನೋಡಲ್ಲ ಅಂತ ವಾರವೆಲ್ಲಾ ಹೇಳಿಕೊಂಡು ಓಡಾಡಿದ್ದ ಅಜ್ಜ, ಟಿವಿ ಹಾಕಿ ಸೌಂಡ್ ಮಾತ್ರ ತೆಗೆದಿದ್ದರು. ಅದು ಅವರ ಪ್ರತಿಭಟನೆ.

ಸುಮ್ನಿರಲಾರದೆ ಕೇಳಿದೆ: "ಆಯ್ತು ಅಂಕಲ್, ಮಾರ್ಗನ್ ಆಡಬೇಕು. ಯಾರನ್ನು ಬಿಡೋಣ?"

ಅಜ್ಜ ಟೀ ಕಪ್ಪನ್ನು ತಿರುಗಿಸುತ್ತಾ ಯೋಚನೆ ಮಾಡಿದರು. ಮಾರ್ಗನ್ ಫ್ಲ್ಯಾಂಕರ್ ಅನ್ನೋ ಜಾಗದ ಆಟಗಾರ. ಆ ಜಾಗದಲ್ಲಿ ಇಂಗ್ಲೆಂಡಿನ ಟಾಮ್ ಕರಿ ಇದ್ದಾರೆ. "ಕರಿ," ಅಂದರು ಕೊನೆಗೆ. ಅರ್ಧ ಸಮಯಕ್ಕೆ ಮುಂಚೆ ಅದೇ ಕರಿ ಟ್ರೈ ಹೊಡೆದರು. ಅಜ್ಜ ನನ್ನ ಕಡೆ ತಿರುಗಲಿಲ್ಲ. ಲಯನ್ಸ್ 27-19ರಲ್ಲಿ ಗೆದ್ದರು.

ನಿಮ್ಮ ಓದುಗರ ಪತ್ರಗಳಲ್ಲಿ ನನಗೆ ಸಿಗದಿದ್ದದ್ದು ಈ ಪ್ರಶ್ನೆಯೇ. ಕರುಣ್ ಆಡಬೇಕಿತ್ತು, ಸರಿ, ಯಾರ ಬದಲಿಗೆ? ಅವರ ಜಾಗಕ್ಕೆ ಬಂದ ಸಾಯಿ ಸುದರ್ಶನ್ ಮ್ಯಾಂಚೆಸ್ಟರ್‌ನಲ್ಲಿ 61 ಹೊಡೆದರು. ಅದಕ್ಕೆ ಮುಂಚಿನ ಮೂರು ಟೆಸ್ಟುಗಳಲ್ಲಿ ಕರುಣ್ ಅವರದ್ದು 0, 20, 31, 26, 40, 14. ಹೆಚ್ಚಿನ ಸಲ ಕುದುರಿಕೊಂಡ ಮೇಲೇ ಔಟಾಗಿದ್ದು. ಚೆನ್ನೈನಲ್ಲಿ ಅವರು 303 ಹೊಡೆದ ದಿನ ನಾನು ವಾರ್ಡಿನಲ್ಲೇ ಕುಣಿದವಳು. ಆದರೂ ಆ ಆರು ಅಂಕಿ ಮುಂದಿಟ್ಟರೆ ನನ್ನ ಬಾಯಿ ಕಟ್ಟುತ್ತೆ. ಇನ್ನೊಂದು, ಇಷ್ಟು ಸಿಟ್ಟಿದ್ದ ನಾವು, ಕರ್ನಾಟಕ ತಂಡದಲ್ಲೇ ಜಾಗ ಸಿಗದೆ ಅವರು ವಿದರ್ಭಕ್ಕೆ ಹೋದಾಗ ಎಲ್ಲಿದ್ದೆವು? ನಾನಂತೂ ಆಗ ಒಂದು ಪತ್ರವನ್ನೂ ಬರೆಯಲಿಲ್ಲ.

ತಲೆ ಎಣಿಸೋದರಲ್ಲಿ ಇನ್ನೊಂದು ತಮಾಷೆ ಇದೆ. ಈ ಪ್ರವಾಸಕ್ಕೆ ಹನ್ನೆರಡು ವರ್ಷ ಮುಂಚೆ, 2013ರಲ್ಲಿ, ಲಯನ್ಸ್ ಇದೇ ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ಆಗ ಕೋಚ್ ವಾರೆನ್ ಗ್ಯಾಟ್‌ಲ್ಯಾಂಡ್, ವೇಲ್ಸ್ ತಂಡದ ಕೋಚ್. ಸರಣಿ 1-1. ಕೊನೆಯ ಟೆಸ್ಟಿಗೆ ಐರ್ಲೆಂಡಿನ ಬ್ರಯಾನ್ ಓಡ್ರಿಸ್ಕಲ್ ಅವರನ್ನು ಬಿಟ್ಟುಬಿಟ್ಟರು. ಬದಲಿ ಆಟಗಾರರಲ್ಲೂ ಹೆಸರಿಲ್ಲ. ನಾಲ್ಕು ಪ್ರವಾಸ ಮಾಡಿದ, ಒಂದರಲ್ಲಿ ನಾಯಕನೂ ಆಗಿದ್ದ ಮನುಷ್ಯ! ಮೈದಾನಕ್ಕಿಳಿದ 15ರಲ್ಲಿ ವೇಲ್ಸಿನವರು 10. ನಮ್ಮ ವಾರ್ಡಿನಲ್ಲಿದ್ದ ಐರಿಷ್ ಸಿಸ್ಟರ್ ಎರಡು ದಿನ ನಮ್ಮ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಹ್ಯಾಂಡೋವರ್ ಹೊತ್ತಲ್ಲಿ ಫೈಲನ್ನು ಮೇಜಿನ ಮೇಲೆ ದಪ್ ಅಂತ ಇಟ್ಟು ಹೋಗ್ತಿದ್ದಳು. ಕಾರ್ಡಿಫ್‌ನಲ್ಲಿ ಯಾರಿಗೂ ಲೆಕ್ಕ ನೆನಪಾಗಲಿಲ್ಲ. ಲಯನ್ಸ್ 41-16ರಲ್ಲಿ ಗೆದ್ದ ಮೇಲಂತೂ ಕೇಳೋದೇ ಬೇಡ.

ಇದನ್ನು ಅಜ್ಜನಿಗೆ ನೆನಪಿಸಿದರೆ, "ಅದು ಬೇರೆ, ಅವತ್ತು ನಮ್ಮವರು ನಿಜವಾಗಲೂ ಚೆನ್ನಾಗಿ ಆಡ್ತಿದ್ರು," ಅಂತಾರೆ. ಐರ್ಲೆಂಡಿನವರು ಈಗ ಹೇಳ್ತಿರೋದೂ ಅದನ್ನೇ ಅಲ್ವಾ? ಶ್ರೀನಾಥ್, ಪ್ರಸಾದ್, ಕುಂಬ್ಳೆ, ದ್ರಾವಿಡ್, ಸುನಿಲ್ ಜೋಶಿ ಭಾರತಕ್ಕೆ ಆಡುತ್ತಿದ್ದ ತೊಂಬತ್ತರ ದಶಕದಲ್ಲಿ, ಬೇರೆ ರಾಜ್ಯದವರಿಗೆ ಅನ್ಯಾಯವಾಯಿತು ಅಂತ ಹಾಸನದಿಂದ ಯಾರಾದರೂ ನಿಮಗೆ ಪತ್ರ ಬರೆದಿದ್ದರೆ ತಿಳಿಸಿ. ನಮ್ಮಪ್ಪ ಅಂತೂ ಬರೆದಿಲ್ಲ.

ವೇಲ್ಸ್ ತಂಡ ಈ ಸಲ ಹೇಗಿತ್ತು ಅನ್ನೋದನ್ನೂ ಹೇಳಬೇಕು. 2023ರ ವಿಶ್ವಕಪ್ಪಿನಿಂದ ಈಚೆಗೆ ಸತತ 18 ಟೆಸ್ಟ್ ಸೋಲು. ಮಾರ್ಚ್‌ನಲ್ಲಿ ಇದೇ ಕಾರ್ಡಿಫ್‌ನಲ್ಲಿ ಇಂಗ್ಲೆಂಡ್ ಕೈಯಲ್ಲಿ 68-14. ಆ ಸಂಜೆ ಡ್ಯೂಟಿಗೆ ಹೋಗುವಾಗ, ಕೆಂಪು ಜೆರ್ಸಿ ಹಾಕಿದ ಜನ ಬಸ್ಸಿನಲ್ಲಿ ತುಟಿ ಬಿಚ್ಚದೆ ಕೂತಿದ್ದರು. ಸಾವಿನ ಮನೆಯಿಂದ ವಾಪಸ್ ಬರುವವರ ಥರ. ಲಯನ್ಸ್ ಪ್ರವಾಸ ನಡೆಯುತ್ತಿರುವಾಗಲೇ, ಜುಲೈ 12ರಂದು ಜಪಾನಿನ ಕೋಬೆಯಲ್ಲಿ ಕೊನೆಗೂ ಒಂದು ಗೆಲುವು ಸಿಕ್ಕಿತು. ಹಾಗಾಗಿ ಎರಡು ಹೆಸರು ನನಗೆ ಅನ್ಯಾಯ ಅನ್ನಿಸಲಿಲ್ಲ. ಅಜ್ಜನ ಎದುರು ಇದನ್ನು ಹೇಳಿಲ್ಲ, ನೆರೆಹೊರೆ ಚೆನ್ನಾಗಿರಬೇಕು.

ನನಗೆ ಚುಚ್ಚಿದ್ದು ಬೇರೆ. ಎಲಿಯಟ್ ಡೇಲಿ ಕೈಮೂಳೆ ಮುರಿದುಕೊಂಡಾಗ ಕೋಚ್ ಕರೆಸಿದ್ದು ಸ್ವಂತ ಮಗ ಓವನ್ ಫ್ಯಾರೆಲ್ ಅವರನ್ನು. 2023ರ ವಿಶ್ವಕಪ್ ಆದ ಮೇಲೆ ಇಂಗ್ಲೆಂಡಿಗೆ ಆಡಿರದ ಆಟಗಾರ. ಮೂರು ಲಯನ್ಸ್ ಪ್ರವಾಸದ ಅನುಭವ ಇದೆ, ಒಪ್ಪಿದೆ. ಆದರೂ ಅಪ್ಪನೇ ಕರೆದಾಗ, ನಮ್ಮ ಕಡೆಯ ಮದುವೆ ಮನೆಯಲ್ಲಿ ಬಡಿಸುವವನು ತನ್ನ ಮಗನ ಎಲೆಗೆ ಎರಡು ಒಬ್ಬಟ್ಟು ಹಾಕಿದ್ದು ನೋಡಿದ ಹಾಗಾಯಿತು. ಮಗನಿಗೆ ಹಸಿವಿತ್ತೋ ಏನೋ, ನೋಡಿದವರ ಕಣ್ಣಿಗೆ ಮಾತ್ರ ಬಿತ್ತು.

ಎರಡನೇ ಟೆಸ್ಟ್ ಮೆಲ್ಬರ್ನ್‌ನಲ್ಲಿ. ತೊಂಬತ್ತು ಸಾವಿರ ಜನ. ಮಾರ್ಗನ್ ಬದಲಿಯವರ ಪಟ್ಟಿಯಲ್ಲಿದ್ದರು. ಅಜ್ಜ ಸೌಂಡ್ ಇಟ್ಟರು. ಲಯನ್ಸ್ 5-23ರಲ್ಲಿ ಹಿಂದಿದ್ದವರು ಎಳೆದು ಎಳೆದು ಹತ್ತಿರ ಬಂದರು. ಕೊನೇ ನಿಮಿಷದಲ್ಲಿ ಚೆಂಡಿನ ಮೇಲೆ ಬಾಗಿದ್ದ ಆಸ್ಟ್ರೇಲಿಯಾದ ಕಾರ್ಲೊ ಟಿಜ್ಜಾನೊ ಅವರನ್ನು ಮಾರ್ಗನ್ ನುಗ್ಗಿ ತಳ್ಳಿದರು. ಅಲ್ಲಿಂದ ಚೆಂಡು ಕೈಯಿಂದ ಕೈಗೆ ಸಾಗಿ ಹ್ಯೂಗೋ ಕೀನನ್ ಟ್ರೈ ಹೊಡೆದರು. ಆ ತಳ್ಳಿದ್ದು ತಪ್ಪೋ ಸರಿಯೋ ಅಂತ ರೆಫರಿ ಟಿವಿ ನೋಡುವಷ್ಟು ಹೊತ್ತು ಅಜ್ಜ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಸರಿ ಅಂತ ತೀರ್ಪು ಬಂತು. 29-26, ಸರಣಿ ಲಯನ್ಸ್ ಪಾಲು. ಆಸ್ಟ್ರೇಲಿಯಾದವರು ಇವತ್ತಿಗೂ ಒಪ್ಪಿಲ್ಲ. ಕೀನನ್ ಐರ್ಲೆಂಡಿನವರು ಅನ್ನೋದು ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಪಂದ್ಯ ಗೆಲ್ಲಿಸಿದ್ದು ಮಾರ್ಗನ್, ಅಷ್ಟೇ.

ಆಗಸ್ಟ್ 2ರಂದು ಸಿಡ್ನಿಯಲ್ಲಿ ಮೂರನೇ ಟೆಸ್ಟ್. ಲಯನ್ಸ್ ಸೋತರು, ಅದು ಹಾಗಿರಲಿ. ನಡುವೆ ಮಿಂಚು ಬಂದು ಅರ್ಧ ಗಂಟೆಗೂ ಜಾಸ್ತಿ ಆಟ ನಿಂತಿತ್ತು. ಖಾಲಿ ಮೈದಾನ ಎಷ್ಟು ಹೊತ್ತು ನೋಡೋದು ಅಂತ ರಿಮೋಟ್ ತೆಗೆದುಕೊಂಡು ಲಂಡನ್ನಿನ ಓವಲ್‌ನಲ್ಲಿ ನಡೀತಿದ್ದ ಭಾರತ-ಇಂಗ್ಲೆಂಡ್ ಕ್ರಿಕೆಟ್ ಟೆಸ್ಟ್ ಹಾಕಿದೆ. ಹಿಂದಿನ ಸಂಜೆ ರಾತ್ರಿ ಕಾವಲಿಗೆ (ನೈಟ್ ವಾಚ್‌ಮನ್) ಅಂತ ಕಳಿಸಿದ್ದ ಬೌಲರ್ ಆಕಾಶ್ ದೀಪ್ ನಿಂತು ಬಾರಿಸುತ್ತಿದ್ದರು.

"ನಿಮ್ಮ ಹುಡುಗ ಇವನೇನಾ?" ಅಂದರು ಅಜ್ಜ.

"ಅಲ್ಲ. ನಮ್ಮ ಕರುಣ್ ಇನ್ನೂ ಒಳಗೆ ಪ್ಯಾಡ್ ಕಟ್ಟಿಕೊಂಡು ಕೂತಿದ್ದಾರೆ. ಈ ಟೆಸ್ಟಿಗೆ ಮತ್ತೆ ತಗೊಂಡಿದ್ದಾರೆ. ಮೊದಲ ಇನಿಂಗ್ಸ್‌ನಲ್ಲಿ 57."

"ಹಾಗಾದ್ರೆ ಇವತ್ತು ನಿನಗೆ ದೂರೋಕೆ ಏನೂ ಇಲ್ಲ, ಕರಿಯಾದ್," ಅಂತ ಅಜ್ಜ ಟೀಗೆ ನೀರಿಡೋಕೆ ಎದ್ದರು.

ಇತಿ,
ಹಾಸನದ ಓದುಗಿ
ಕಾರ್ಡಿಫ್, ವೇಲ್ಸ್